ಒಂದು ಅಕ್ಕಿಕಾಳಿನ ತೂಕ

ಕನ್ನಡದ ಅಧ್ಯಾಪಕನಿಗೆ ನೀರಿನ ರಸಾಯನದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಆ ಗೊಡವೆಯನ್ನು ನಾನಾಗಿ ತಂದುಕೊಂಡವನಲ್ಲ; ನನ್ನದೇ ಒಂದು ತಪ್ಪು ಅದನ್ನು ತಂದು ನನ್ನ ಕೊರಳಿಗೆ ಕಟ್ಟಿತು.

ತುಮಕೂರಿನಲ್ಲಿ ನಾನು ಪಾಠ ಹೇಳುವ ತರಗತಿಯಲ್ಲಿ ಪಾವಗಡದ ಕಡೆಯ ಹುಡುಗನೊಬ್ಬನಿದ್ದಾನೆ. ಬುದ್ಧಿವಂತ, ಆದರೆ ಎದ್ದು ಓದೆಂದರೆ ಬಾಯಿಗೆ ಕೈ ಅಡ್ಡ ಹಿಡಿಯುವನು. ಕಳೆದ ಶ್ರಾವಣದಲ್ಲಿ ಒಂದು ದಿನ ನಾನು ತಾಳ್ಮೆಗೆಟ್ಟು, “ಕೈ ತೆಗೆದು ಓದಯ್ಯ, ಹಳಗನ್ನಡದ ಮುಂದೆ ಇಷ್ಟೇಕೆ ನಾಚಿಕೆ?” ಎಂದು ಗದರಿದೆ. ಅವನು ಕೈ ತೆಗೆದನು. ಹಲ್ಲುಗಳ ಮೇಲೆಲ್ಲ ಕಂದು ಗೆರೆಗಳು, ಸಣ್ಣ ಸಣ್ಣ ಗುಳಿಗಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದದ್ದು ೧೯೬೩ರಲ್ಲಿ. ಅಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಓದಿದ ಮಿತ್ರರೊಬ್ಬರಿಗೆ ಅಂದು ಸಂಜೆ ಈ ಪ್ರಸಂಗವನ್ನು ಹೇಳಿದೆ. ಅವರು, “ಅದು ಹಲ್ಲುಜ್ಜದ ದೋಷವಲ್ಲ, ನೀರಿನೊಳಗಿನ ಫ್ಲೋರೈಡಿನ ದೋಷ. ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲೇ ಅದು ತನ್ನ ಗುರುತು ಹಾಕಿಬಿಡುತ್ತದೆ. ಪ್ರಮಾಣ ಮಿತಿಮೀರಿ, ವರ್ಷಗಟ್ಟಲೆ ಕುಡಿದರೆ ಮೂಳೆಯನ್ನೂ ಬಿಡದು,” ಎಂದರು. ಹಾಗೆ ಮೂಳೆ ಕೆಟ್ಟವರನ್ನು ವೈದ್ಯರು ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಕಂಡು ೧೯೩೭ರಲ್ಲೇ ವರದಿ ಮಾಡಿದ್ದರಂತೆ.

ಎಷ್ಟು ಫ್ಲೋರೈಡ್ ಇದ್ದರೆ ಕೇಡು? ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ನಮ್ಮ ದೇಶದ ಮಾನಕವಾದರೋ ೧ ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದಲ್ಲಿ ೧.೫ರವರೆಗೆ ಸಹಿಸಬಹುದು ಎನ್ನುತ್ತದೆ. ಹದಿನೈದು ಲೀಟರಿನ ಕೊಡಕ್ಕೆ ಲೆಕ್ಕ ಹಾಕಿದರೆ ಸುಮಾರು ೨೨ ಮಿಲಿಗ್ರಾಂ. ಹೆಚ್ಚು ಕಡಿಮೆ ಒಂದು ಅಕ್ಕಿಕಾಳಿನ ತೂಕ!

“ಒಂದು ಅಕ್ಕಿಕಾಳನ್ನು ಕೊಡದಿಂದ ಹೊರತೆಗೆಯುವುದು ಯಾವ ಮಹಾ ವಿದ್ಯೆ?” ಎಂದೆ. ಮಿತ್ರರು ನಕ್ಕು ಸುಮ್ಮನಾದರು.

ಉತ್ತರ ದೊರೆತದ್ದು ಗುಬ್ಬಿಯಲ್ಲಿ. ಅಡಿಕೆ ಬೇಯಿಸುವ ಕಾಲಕ್ಕೆ ನನ್ನ ಸೋದರಮಾವನ ಮನೆಗೆ ಅವರನ್ನೂ ಕರೆದೊಯ್ದಿದ್ದೆ. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಮಿತ್ರರು ತಿಳಿನೀರಿನ ಪಾತ್ರೆಯೊಂದನ್ನು ತರಿಸಿ, ಅದಕ್ಕೆ ಒಂದು ಚಮಚ ಚೊಗರನ್ನು ಬಿಟ್ಟರು. ಯಾರೂ ಕದಡಲಿಲ್ಲ, ಆದರೂ ಕೆಂಪು ಎಳೆಎಳೆಯಾಗಿ ಇಳಿದು, ನೋಡನೋಡುತ್ತ ಪಾತ್ರೆಯನ್ನೆಲ್ಲ ವ್ಯಾಪಿಸಿತು.

“ಮೇಷ್ಟ್ರೇ, ಇದನ್ನು ಬೆರೆಸಲು ಯಾರಾದರೂ ದುಡಿದರೇ? ಈಗ ಆ ಚಮಚದಷ್ಟನ್ನು ಹಿಂದಕ್ಕೆ ಕೊಡಿ, ನೋಡೋಣ.”

“ಅದಕ್ಕೇನು, ಕುದಿಸಿ ನೀರನ್ನು ಬತ್ತಿಸಿದರಾಯಿತು,” ಎಂದರು ಮಾವ.

“ಸರಿ ಯಜಮಾನರೇ, ಎಷ್ಟು ಸೌದೆ ಬೇಕು?”

ಮಾವ ಸೌದೆಯ ರಾಶಿಯತ್ತ ನೋಡಿದರು; ಮಾತನಾಡಲಿಲ್ಲ. ದ್ರಾವಣಗಳ ಉಷ್ಣಗತಿಶಾಸ್ತ್ರವೆಂಬ ಭಯಂಕರ ಹೆಸರಿನ ವಿದ್ಯೆಯ ಹುರುಳು ಇದೇ ಅಂತೆ: ಬೆರೆಯುವುದು ಬಿಟ್ಟಿ, ಬೇರ್ಪಡಿಸುವುದಕ್ಕೆ ಬೆಲೆ ತೆರಬೇಕು. ಕನಿಷ್ಠ ಎಷ್ಟು ತೆರಬೇಕೆಂಬುದನ್ನೂ ಆ ಶಾಸ್ತ್ರ ಲೆಕ್ಕ ಹಾಕಿ ಹೇಳುತ್ತದೆ. ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ಪಾರಿತೋಷಕ ೧೯೦೧ರಲ್ಲಿ ಸಂದದ್ದು ಡಚ್ ವಿಜ್ಞಾನಿ ವಾಂಟ್ ಹಾಫ್‌ರಿಗೆ. ದ್ರಾವಣಗಳ ಒತ್ತಡದ ನಿಯಮವನ್ನು ಕಂಡುಕೊಟ್ಟದ್ದೂ ಆ ಗೌರವಕ್ಕೆ ಒಂದು ಕಾರಣ. ಇಂದು ಹಳ್ಳಿಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಪಂಪು ಆ ಒತ್ತಡವನ್ನು ಮೀರಿಸಿ ನೀರನ್ನು ತೆಳುಪೊರೆಯ ಮೂಲಕ ನೂಕುತ್ತದೆ. ಸೌದೆಯ ಬದಲು ವಿದ್ಯುತ್ತು, ಅಷ್ಟೇ.

ಮನೆಯಲ್ಲಿ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದುದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಪಟಿಕವನ್ನೂ ಸುಣ್ಣವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ತಳಕ್ಕಿಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ಸಂಶೋಧಕರು ರೂಪಿಸಿದರು. ಅಲ್ಯುಮಿನಾ ಹರಳುಗಳು ಫ್ಲೋರೈಡನ್ನು ತಮ್ಮ ಮೈಗೆ ಹಿಡಿದುಕೊಳ್ಳುತ್ತವೆ. ತುಂಬಿದ ಮೇಲೆ ಅವನ್ನು ಕ್ಷಾರದಿಂದ ತೊಳೆಯಬೇಕು. ಯಾವ ವಿಧಾನವಾದರೂ ಕೊನೆಗೊಂದು ಪ್ರಶ್ನೆ ಉಳಿಯುತ್ತದೆ: ತೆಗೆದದ್ದು ಎಲ್ಲಿಗೆ ಹೋಯಿತು? ತಳದ ಕೆಸರಿನಲ್ಲಿ, ತೊಳೆದ ಕ್ಷಾರದಲ್ಲಿ, ಘಟಕ ಹೊರಚೆಲ್ಲುವ ನೀರಿನಲ್ಲಿ ಅದು ಇದ್ದೇ ಇರುತ್ತದೆ. ಆ ನೀರನ್ನು ಹಿತ್ತಿಲಿಗೆ ಬಿಟ್ಟರೆ ಅದು ಇಂಗಿ ಮತ್ತೆ ಕೊಳವೆಬಾವಿಯ ದಾರಿ ಹಿಡಿಯಬಹುದು.

ಮರಳುವಾಗ ಕುಣಿಗಲ್ಲಿನಲ್ಲಿ ನನ್ನ ಮಾವನವರ ಮನೆಗೆ ಹೋಗಿ, ಸಂಜೆ ದೊಡ್ಡಕೆರೆಯ ಏರಿಯ ಮೇಲೆ ಕುಳಿತೆವು. ಕೆರೆಗೆ ಹರಿದುಬಂದ ಮಳೆನೀರಿಗೆ ಬಂಡೆಯ ಸಹವಾಸ ಅಲ್ಪಕಾಲದ್ದು. ಆಳದ ನೀರಾದರೋ ಕಲ್ಲಿನ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ತಂಗಿ, ಅದರ ಗುಣವನ್ನೆಲ್ಲ ಹೀರುತ್ತದೆ. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ನೆಲದಲ್ಲೇ ಉಳಿದರೆ, ತಕ್ಕಡಿಯ ಇನ್ನೊಂದು ತಟ್ಟೆ ಏರುವಂತೆ ಫ್ಲೋರೈಡ್ ಹೆಚ್ಚುತ್ತದೆ. ಕೆರೆಗಳನ್ನು ಹೂಳಿಗೂ ಕೊಳಚೆಗೂ ಬಿಟ್ಟು, ಬಾವಿಯನ್ನು ಆಳಕ್ಕೆ ಕೊರೆದವರು ನಾವು. ಈಗ ಬಿಟ್ಟಿ ಬೆರೆತದ್ದಕ್ಕೆ ಬೆಲೆ ತೆರುವವರೂ ನಾವೇ. ಅದರಲ್ಲಿಯೂ ಒಂದು ಪಾಲನ್ನು ಹಲ್ಲು ಮೂಡದ ಮಕ್ಕಳು ತೆರುತ್ತಾರೆ.

ಮರುದಿನ ಆ ಹುಡುಗನನ್ನು ಕರೆದು, ತಪ್ಪಾಯಿತೆಂದು ಹೇಳಿದೆ. ಅವನ ಮನೆಯಲ್ಲಿ ನಾಲ್ಕು ವರ್ಷದ ತಂಗಿ ಇದ್ದಾಳಂತೆ. ಕುಡಿಯಲು ಘಟಕದ ನೀರು ತರುತ್ತಾರೆ. ಮುದ್ದೆಗೂ ಸಾರಿಗೂ ಮಾತ್ರ ಕೊಳವೆಬಾವಿಯದೇ. “ಅದನ್ನೂ ಹೊಟ್ಟೆಗೇ ತಾನೆ ತಿನ್ನುವುದು?” ಎಂದೆ. ಅವನು ಒಂದು ಗಳಿಗೆ ಯೋಚಿಸಿ, ಅಲ್ಲೇ ನಿಂತು ತಾಯಿಗೆ ಫೋನು ಮಾಡಿದನು.

ತರಗತಿಯಲ್ಲಿ ಈಗಲೂ ಓದುವಾಗ ಅವನ ಕೈ ಬಾಯಿಗೆ ಹೋಗುತ್ತದೆ. ನಾನು ಏನನ್ನೂ ಹೇಳುವುದಿಲ್ಲ. ದನಿ ಸ್ಪಷ್ಟವಾಗಿ ಕೇಳಿಸುತ್ತದೆ.