ಕಲ್ಲು ಕತ್ತರಿಸಿ ತೆಗೆದ ಕಡಲು

ನಮ್ಮ ಕರಾವಳಿಯ ಫೋಟೋಗಳಲ್ಲಿ ಕಲ್ಲು ಕಾಣುವುದಿಲ್ಲ. ಉಳ್ಳಾಲದಿಂದ ಮರವಂತೆಯ ತನಕ ಕಡಲ್ಕೊರೆತ ತಡೆಯಲೆಂದು ಲಾರಿಗಟ್ಟಲೆ ತಂದು ಸುರಿದ ಕರಿಗಲ್ಲು ದಂಡೆಯ ಎಷ್ಟೋ ಕಡೆ ಗೋಡೆಯಾಗಿ ನಿಂತಿದೆ. ಅದನ್ನು ಹತ್ತಿ ಇಳಿಯದೆ ನೀರು ಮುಟ್ಟಲಾಗದ ಊರುಗಳಿವೆ. ಆದರೆ ಕ್ಯಾಮೆರಾ ಹಿಡಿದವರು ಒಂದು ಹೆಜ್ಜೆ ಎಡಕ್ಕೆ, ಎರಡು ಹೆಜ್ಜೆ ಮುಂದಕ್ಕೆ ಸರಿದು, ಡ್ರೋನ್ ಇದ್ದರೆ ಇನ್ನಷ್ಟು ಮೇಲೇರಿ, ಹೇಗೋ ಕಲ್ಲಿಲ್ಲದ ಕಡಲನ್ನೇ ಹುಡುಕಿ ತರುತ್ತಾರೆ. ಅಷ್ಟಾದರೂ ಮೂಲೆಯಲ್ಲೊಂದು ಕಲ್ಲು ಉಳಿದುಕೊಂಡರೆ ಕ್ರಾಪ್ ಮಾಡಲು ಒಂದು ಬೆರಳು ಸಾಕು. ಕೊನೆಗೆ ನಮಗೆ ಸಿಗುವುದು ತೆಂಗು, ಮರಳು, ಕೆಂಪು ಸೂರ್ಯ, ಸೂರ್ಯನ ಎದುರು ಕಪ್ಪಗೆ ನಿಂತ, ಮುಖವಿಲ್ಲದ ಒಬ್ಬ ಮೀನುಗಾರ.

ಈ ಫೋಟೋ ಸುಳ್ಳು ಎಂಬುದು ನನ್ನ ತಕರಾರು. ಚಂದ ಇಲ್ಲ ಎಂದು ಹೇಳುತ್ತಿಲ್ಲ. ಬಹಳ ಚಂದವಿದೆ, ತೊಂದರೆ ಇರುವುದೇ ಅಲ್ಲಿ.

ಕಡಲ ದಂಡೆಯಲ್ಲಿ ‘ಸೃಜನಶೀಲ ಬದುಕು’ ನಡೆಸುವುದು ಈಗ ನಮ್ಮಲ್ಲೂ ಒಂದು ಆಕರ್ಷಣೆ. ಮುಂಜಾನೆ ಅಲೆಯ ಫೋಟೋ, ಮಧ್ಯಾಹ್ನ ಸರ್ಫ್‌ಬೋರ್ಡಿನ ಮೇಲೆ ಬಣ್ಣ, ಸಂಜೆ ಅದೇ ಬೋರ್ಡಿನ ಮೇಲೆ ಸವಾರಿ. 2004ರ ಹೊತ್ತಿಗೆ ಮೂಲ್ಕಿಯಲ್ಲಿ ಒಂದು ಆಶ್ರಮದಿಂದ ಶುರುವಾದ ಸರ್ಫಿಂಗ್ 2016ರಲ್ಲಿ ಸಸಿಹಿತ್ಲುವಿನ ರಾಷ್ಟ್ರಮಟ್ಟದ ಸ್ಪರ್ಧೆಯ ತನಕ ಬೆಳೆಯಿತು. ಆ ಆಟದ ಮೇಲೆ ನನಗೆ ಸಿಟ್ಟಿಲ್ಲ. ತಮಿಳುನಾಡಿನ ಕೋವಳಂ, ಮಹಾಬಲಿಪುರಂ ಕಡೆ ಮೀನುಗಾರರ ಮಕ್ಕಳೇ ಈ ಆಟದಲ್ಲಿ ಮೇಲೆ ಬಂದಿದ್ದಾರೆ. ಅಪ್ಪ ದೋಣಿಯಿಂದ ಓದಿದ ಅಲೆಯನ್ನು ಮಗ ಹಲಗೆಯ ಮೇಲಿಂದ ಓದುತ್ತಾನೆ, ಅಷ್ಟೇ. ನನ್ನ ಜಗಳ ಅಲೆ ಏರುವವರೊಡನೆ ಅಲ್ಲ, ಅದರ ಚಿತ್ರ ಮಾಡುವವರೊಡನೆ.

ಖಾಲಿ ದಂಡೆ ಎಂಬುದೊಂದು ಇದೆಯೇ? ಕೈರಂಪಣಿ ನೋಡಿದವರಿಗೆ ಉತ್ತರ ಗೊತ್ತು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಅರ್ಧಚಂದ್ರದ ಹಾಗೆ ಸುತ್ತು ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪು ಎರಡು ಕಡೆಯಿಂದ ಎಳೆಯುತ್ತಾ ಎಳೆಯುತ್ತಾ ಹತ್ತಿರವಾಗುತ್ತದೆ. ಅದಕ್ಕೆ ಉದ್ದಕ್ಕೆ ಬರಿಯ ಮರಳು ಬೇಕು. ಬಲೆ ಎಳೆಯದ ಹೊತ್ತಿನಲ್ಲಿ ಆ ಜಾಗ ಖಾಲಿ ಕಾಣುತ್ತದೆ, ಅಂಗಳ ಭತ್ತ ಒಕ್ಕದ ದಿನ ಖಾಲಿ ಕಾಣುವ ಹಾಗೆ. ಅದೇ ಮರಳಲ್ಲಿ ಬೂತಾಯಿ ಒಣಗುತ್ತದೆ, ಬಲೆ ಹರವಿಕೊಳ್ಳುತ್ತದೆ, ದೋಣಿ ಮಗ್ಗುಲಾಗಿ ಮಲಗುತ್ತದೆ. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿ ಮೂಲೆ ಸೇರಿದ ಮೇಲೂ ಈ ಸಣ್ಣ ಬಲೆ ಉಳಿದದ್ದು ಮರಳು ಉಳಿದಲ್ಲಿ ಮಾತ್ರ. ಕಲ್ಲು ಬಿದ್ದ ಕಡೆ ಬಲೆ ಎಳೆಯಲು ಬರುವುದಿಲ್ಲ. ಹಾಗಾಗಿ ಕಲ್ಲನ್ನು ಕತ್ತರಿಸಿ ತೆಗೆದ ಫೋಟೋ ಕಲ್ಲನ್ನಷ್ಟೇ ಮುಚ್ಚಿಡುವುದಿಲ್ಲ, ಕಲ್ಲಿನಿಂದ ನಿಂತುಹೋದ ಕೆಲಸವನ್ನೂ ಮುಚ್ಚಿಡುತ್ತದೆ.

ಫೋಟೋ ಒಂದು ಸಾಕ್ಷಿ ಎಂಬುದನ್ನು ಕಲಾವಿದರು ಮರೆತರೂ ಜಾಗ ಹುಡುಕುವವರು ಮರೆಯುವುದಿಲ್ಲ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು ಭರತದ ಗೆರೆಯಿಂದ 200 ಮೀಟರಿನ ಬದಲು 50 ಮೀಟರಿಗೆ ಇಳಿಸಿತು. ಉಳಿದ 150 ಮೀಟರಿನ ಮೇಲೆ ಕಣ್ಣಿಟ್ಟವರಿಗೆ ‘ಮನುಷ್ಯರು ಕಾಲಿಡದ ಕಡಲತೀರ’ ಎಂಬ ಅಡಿಬರಹದ ಫೋಟೋಗಿಂತ ಒಳ್ಳೆಯ ಜಾಹೀರಾತು ಯಾವುದಿದೆ? ಅದನ್ನು ಅವರಿಗೆ ಪುಕ್ಕಟೆಯಾಗಿ ಮಾಡಿಕೊಡುತ್ತಿರುವವರು ನಾವೇ, ಮಾರಾಯರೇ. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಹೊನ್ನಾವರದ ಆ ಕಾಸರಕೋಡಿನ ಟೊಂಕದಲ್ಲೇ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಬೀದಿಗಿಳಿದಿದ್ದಾರೆ. ನೀಲಿ ಬಾವುಟದ ಫೋಟೋ ಎಷ್ಟು ಬೇಕಾದರೂ ಸಿಗುತ್ತದೆ. ಟೊಂಕದ ಫೋಟೋಗೆ ಸುದ್ದಿ ಪತ್ರಿಕೆಯನ್ನೇ ಹುಡುಕಬೇಕು, ‘ಕಲಾತ್ಮಕ’ ಛಾಯಾಗ್ರಾಹಕರು ಅತ್ತ ತಲೆ ಹಾಕಿದ್ದು ಕಡಿಮೆ.

ಈ ಬದುಕಿನ ಮೂಲಪುರುಷರು ಎಂದು ನಮ್ಮವರು ಯಾರನ್ನು ಹಾಡಿ ಹೊಗಳುತ್ತಾರೋ ಅವರು ಹೀಗಿರಲಿಲ್ಲ. ಕ್ಯಾಲಿಫೋರ್ನಿಯಾದ ಜಾನ್ ಸೆವರ್ಸನ್ ಚಿತ್ರಕಲೆ ಓದಿದವನು, ಸೈನ್ಯದ ಕೆಲಸದ ಮೇಲೆ ಹವಾಯಿಗೆ ಹೋದವನು. ಅಲೆಗಳ ಸಿನಿಮಾ ತೆಗೆದ. 1960ರಲ್ಲಿ ಆ ಸಿನಿಮಾದ ಪ್ರಚಾರಕ್ಕೆಂದು ತನ್ನದೇ ಫೋಟೋ, ರೇಖಾಚಿತ್ರ, ಬರಹ ಸೇರಿಸಿ 36 ಪುಟಗಳ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದ. ಅದೇ ಮುಂದೆ ‘ಸರ್ಫರ್’ ಪತ್ರಿಕೆಯಾಯಿತು. ಲೆರಾಯ್ ಗ್ರಾನಿಸ್ ದೂರವಾಣಿ ಕಂಪನಿಯ ನೌಕರ. ಹೊಟ್ಟೆಹುಣ್ಣಿಗೆ ಮದ್ದು ಎಂಬಂತೆ ವೈದ್ಯರು ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಎಂದಾಗ, ನಲವತ್ತು ದಾಟಿದ ಮೇಲೆ, ಅಲೆಯ ಫೋಟೋಗೆ ಕೈ ಹಾಕಿದ. ನೀರಿನ ನಡುವೆಯೇ ರೀಲು ಬದಲಿಸಲು ಬೋರ್ಡಿಗೆ ಅಂಟಿಕೊಳ್ಳುವ ಪೆಟ್ಟಿಗೆಯೊಂದನ್ನು ತಾನೇ ಮಾಡಿಕೊಂಡ. ಈ ಇಬ್ಬರೂ ತಾವು ಚಿತ್ರಿಸಿದ ಜನರ ನಡುವೆಯೇ ಇದ್ದವರು. ಆ ಕಾಲದ ಪತ್ರಿಕೆಗಳಲ್ಲಿ ಫೋಟೋದ ಕೆಳಗೆ ಸವಾರನ ಹೆಸರು, ಅಲೆ ಒಡೆಯುವ ಜಾಗದ ಹೆಸರು ಹಾಕುವುದು ರೂಢಿ.

ಆ ರೂಢಿ ನಮ್ಮಲ್ಲಿಗೂ ಬಂದಿದೆ, ಆದರೆ ಅರ್ಧ ಮಾತ್ರ. ಬೋರ್ಡಿನ ಮೇಲೆ ನಿಂತವನಿಗೆ ಹೆಸರುಂಟು, ಅವನ ಖಾತೆಗೆ ಟ್ಯಾಗ್ ಉಂಟು, ಬೋರ್ಡಿನ ಕಂಪನಿಗೂ ಟ್ಯಾಗ್ ಉಂಟು. ಅದೇ ದಿನ, ಅದೇ ನೀರಿನಲ್ಲಿ ಬಲೆ ಎಳೆದವನ ಹೆಸರು ‘ಮೀನುಗಾರ’. ಕೆಲವೊಮ್ಮೆ ‘ಜೀವನದ ಹೋರಾಟ’.

ಬೋರ್ಡಿನ ಚಿತ್ರಗಳ ಕಥೆ ಇನ್ನೂ ವಿಚಿತ್ರ. ಸರ್ಫ್‌ಬೋರ್ಡ್ ಎಂದರೆ ಫೋಮಿನ ತಿರುಳು, ಅದರ ಮೇಲೆ ಗಾಜಿನ ನಾರಿನ ಬಟ್ಟೆ, ಅದನ್ನು ಹಿಡಿದಿಡುವ ರಾಳ. ಬಣ್ಣವನ್ನು ಬಟ್ಟೆ ಹೊದಿಸುವ ಮೊದಲೇ ಫೋಮಿಗೆ ಸಿಂಪಡಿಸಬಹುದು, ಇಲ್ಲವೇ ಸಿದ್ಧವಾದ ಬೋರ್ಡನ್ನು ಉಜ್ಜಿ ಅಕ್ರಿಲಿಕ್ ಪೆನ್ನಿನಲ್ಲಿ ಬರೆದು ಮೇಲೊಂದು ಪಾರದರ್ಶಕ ಲೇಪ ಕೊಡಬಹುದು. ಕಾಲು ಜಾರದಿರಲಿ ಎಂದು ಮೇಲ್ಮೈಗೆ ಮೇಣ ಹಚ್ಚುವುದರಿಂದ ಅಲ್ಲಿ ಬರೆದದ್ದು ವಾರದೊಳಗೆ ಮಸುಕು. ಕೆಲಸ ಬಲ್ಲವರು ಅಡಿಭಾಗಕ್ಕೆ ಬರೆಯುತ್ತಾರೆ. ಗಾಢ ಬಣ್ಣ ಬಿಸಿಲನ್ನು ಹೀರಿ ಬೋರ್ಡನ್ನು ಕಾಯಿಸುತ್ತದೆ, ಒಳಗಿನ ಫೋಮಿನಿಂದ ಹೊರಪದರ ಬಿಟ್ಟುಕೊಳ್ಳುವ ಭಯವಿರುತ್ತದೆ. ಹೆಚ್ಚಿನ ಬೋರ್ಡುಗಳು ಬಿಳಿ ಇರುವುದಕ್ಕೆ ಇದೂ ಒಂದು ಕಾರಣ. ಅಂದರೆ ಇದು ಮಿತಿಗಳಿರುವ, ಬಿಸಿಲು ಉಪ್ಪುಗಳ ಲೆಕ್ಕ ತಿಳಿದಿರಬೇಕಾದ ಕಸುಬು. ಆದರೆ ‘ಕಾಂತಾರ’ದ ನಂತರ ನಮ್ಮ ಕೆಫೆಗಳ ಗೋಡೆಯಿಂದ ಹೆಲ್ಮೆಟ್ಟಿಗೆ, ಹೆಲ್ಮೆಟ್ಟಿನಿಂದ ಬೋರ್ಡಿಗೆ ಹತ್ತಿದ ಮುಖಗಳನ್ನು ನೋಡಿ. ಕಪ್ಪು, ಕಡುಕೆಂಪು, ಮೇಲ್ಮೈ ತುಂಬ. ದೈವದ ಮೇಲೆ ಕಾಲಿಟ್ಟರು ಎಂಬ ಗದ್ದಲಕ್ಕೆ ನಾನು ದನಿ ಸೇರಿಸುವುದಿಲ್ಲ, ಅದಕ್ಕೆ ಬೇರೆ ಜನ ಸಾಕಷ್ಟಿದ್ದಾರೆ. ನನ್ನ ಪ್ರಶ್ನೆ ಸಣ್ಣದು. ಏಪ್ರಿಲ್‌ನ ಮಂಗಳೂರಿನ ಬಿಸಿಲಿನಲ್ಲಿ ಆ ಬೋರ್ಡು ನೀರಿಗಿಳಿಯುವುದೇ? ಇಳಿಯುವುದಿಲ್ಲ. ಗೋಡೆಗೆ ನೇತುಹಾಕಲೆಂದೇ ಬರೆದದ್ದು ಅದು. ಬೋರ್ಡಿಗೂ ಕಡಲಿಗೂ ಸಂಬಂಧವಿಲ್ಲ, ಮುಖಕ್ಕೂ ಅದನ್ನು ಕಟ್ಟಿ ಕುಣಿಯುವವರಿಗೂ ಸಂಬಂಧವಿಲ್ಲ.

ಕಲಾವಿದನಿಗೆ ಇಷ್ಟೆಲ್ಲ ಹೊರೆ ಯಾಕೆ, ಚಂದ ಕಂಡದ್ದನ್ನು ಚಂದವಾಗಿ ತೋರಿಸಿದರೆ ಸಾಲದೇ ಎಂದು ವಿದ್ಯಾರ್ಥಿ ಮಿತ್ರರು ಕೇಳುವುದುಂಟು. ಎಲ್ಲ ಫೋಟೋದಲ್ಲೂ ಬಡತನ ಇರಲಿ ಎಂದು ಯಾರು ಹೇಳಿದರು? ಕಪ್ಪುಬಿಳುಪಿನ ಸುಕ್ಕು ಮುಖಗಳ ಸರಣಿಯೂ ಸೂರ್ಯಾಸ್ತದಷ್ಟೇ ಸವೆದ ಸರಕು. ಅಲೆಯನ್ನು ಅಲೆಯಾಗಿಯೇ ತೆಗೆಯಿರಿ. ಆದರೆ ಸಸಿಹಿತ್ಲುವಿನ ಅಲೆ ಯಾಕೆ ಹಾಗೆ ಒಡೆಯುತ್ತದೆ ಎಂದು ತಿಳಿಯಬೇಕಾದರೆ ನಂದಿನಿ, ಶಾಂಭವಿ ನದಿಗಳು ಸೇರುವ ಅಳಿವೆಯನ್ನು, ಅದು ತಂದು ಹಾಕುವ ಮರಳನ್ನು, ಆ ಮರಳು ಜಾಗ ಬದಲಿಸಿದಾಗ ಕೊಚ್ಚಿಹೋಗುವ ದಡವನ್ನು ನೋಡಲೇಬೇಕು. ಸವಾರನಿಗೆ ಅಲೆ ಕೊಡುವ ಮರಳಿಗೂ ಊರಿಗೆ ಕಲ್ಲು ಹಾಕಿಸುವ ಕೊರೆತಕ್ಕೂ ನಂಟಿದೆ. ಅಷ್ಟು ನೋಡಿದವನ ಫೋಟೋದಲ್ಲಿ ಬರಿಯ ನೀರಿದ್ದರೂ ಅದು ಗೊತ್ತಾಗುತ್ತದೆ.

ಇನ್ನು ಬಣ್ಣದ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದ ಅಲೆ ಹಿಡಿಯಲು ಕ್ಯಾಮೆರಾಗಳು ಬರುವುದು ಇದೇ ಹೊತ್ತಿಗೆ. ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬಂದರುಗಳಲ್ಲಿ ದೋಣಿಗಳು ರಿಪೇರಿಯಾಗಿ ಬಣ್ಣ ಬಳಿಸಿಕೊಳ್ಳುವುದೂ ಇದೇ ಹೊತ್ತಿಗೆ. ಕರಾವಳಿಯಲ್ಲಿ ನೀರಿಗಿಳಿಯುವ ಚಿತ್ರ ಬರೆಯುವ ನಿಜವಾದ ಕಲಾವಿದರು ಇವರು. 2008ರ ಮುಂಬಯಿ ದಾಳಿಯ ನಂತರ ರಾಜ್ಯಕ್ಕೊಂದು ಬಣ್ಣ ಎಂಬ ನಿಯಮ ಬಂದು ದೋಣಿಯ ಮೈಬಣ್ಣ ಸರಕಾರದ್ದಾದರೂ, ದೋಣಿಯ ಹೆಸರಿನ ಅಕ್ಷರ, ಮೂತಿಯ ಬಳ್ಳಿ, ಕ್ಯಾಬಿನ್ನಿನ ಹೂವು ಇನ್ನೂ ಅವರದೇ. ಉಪ್ಪುನೀರಿಗೆ ಯಾವ ಬಣ್ಣ ಎಷ್ಟು ದಿನ ತಾಳುತ್ತದೆ ಎಂದು ಅವರಿಗೆ ಕೇಳಿ ತಿಳಿಯಬೇಕಾಗಿಲ್ಲ. ಯಾವ ಪ್ರದರ್ಶನದಲ್ಲೂ ನಾನು ಅವರೊಬ್ಬರ ಹೆಸರು ಕಂಡಿಲ್ಲ.

ಹಾಗಾಗಿ ಬೋರ್ಡಿಗೆ ‘ಕರಾವಳಿಯ ಸೊಗಡು’ ಬೇಕೆನ್ನುವವರು ಇಂಟರ್ನೆಟ್ಟಿನಿಂದ ಮುಖವಾಡ ಇಳಿಸಿಕೊಳ್ಳುವುದನ್ನು ಬಿಟ್ಟು ಬಂದರಿಗೆ ಹೋಗಿ. ಎನಾಮೆಲ್ ಹಿಡಿದ ಆ ಕೈಗೆ ಅಕ್ರಿಲಿಕ್ ಹಿಡಿಯಲು ಒಂದು ಮಧ್ಯಾಹ್ನ ಸಾಕು. ಬೋರ್ಡಿನ ಅಡಿಭಾಗಕ್ಕೆ ಬರೆಸಿ, ತಿಳಿಬಣ್ಣದಲ್ಲಿ ಬರೆಸಿ, ಮೂಲೆಯಲ್ಲಿ ಅವರ ಸಹಿ ಹಾಕಿಸಿ. ಜುಲೈಯಲ್ಲಿ ಹೋದರೆ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ದೋಣಿಗಳು ನೀರಿಗಿಳಿದ ಮೇಲೆ, ಆಗಸ್ಟಿನಲ್ಲಿ ಹೋಗಿ. ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ.