ಹಿಮದ ನಾಡಿನ ರನ್‌ವೇ, ಹಿಂದಿರುಗಿದ ಹಣ

‘ತುರ್ತು’ ಎಂಬುದು ಸರಕಾರಿ ಕಡತಗಳಲ್ಲಿ ಬಹಳ ಬಲವುಳ್ಳ ಪದ. ಟೆಂಡರು ಕರೆಯದಿರುವುದಕ್ಕೂ, ಅಳತೆ ಪುಸ್ತಕ ಬರೆಯದಿರುವುದಕ್ಕೂ, ಲೆಕ್ಕ ಒಪ್ಪಿಸದಿರುವುದಕ್ಕೂ ಇದೊಂದೇ ಸಮಜಾಯಿಷಿಯಾಗಿ ನಿಲ್ಲುವುದನ್ನು ವಕೀಲಿ ವೃತ್ತಿಯಲ್ಲಿರುವವರೆಲ್ಲ ಕಂಡಿದ್ದಾರೆ. ಅವಸರದ ಕೆಲಸಕ್ಕೆ ಲೆಕ್ಕ ಕೇಳಬಾರದೆಂಬ ಭಾವನೆ ಜನರಲ್ಲಿಯೂ ಬೇರೂರಿದೆ. ಈ ಭಾವನೆಯನ್ನು ಸುಳ್ಳಾಗಿಸುವ ಪ್ರಸಂಗವೊಂದು ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿಯೇ ನಡೆದಿದೆ. ಅದನ್ನು ಈ ವಾರ ಓದುಗರ ಮುಂದಿಡುತ್ತೇನೆ. ಮನೆಯ ಮಕ್ಕಳಿಗೂ ಓದಿ ಹೇಳಬಹುದು.

1948ರ ಆರಂಭದಲ್ಲಿ ಲಡಾಖ್‌ನ ರಕ್ಷಣೆಗೆ ಬೆರಳೆಣಿಕೆಯ ಸೈನಿಕರಷ್ಟೇ ಇದ್ದರು. ಶ್ರೀನಗರದಿಂದ ಲೇಹ್‌ಗೆ ಆಗ ಮೋಟಾರು ರಸ್ತೆಯಿರಲಿಲ್ಲ. ಇದ್ದ ಕಾಲುದಾರಿಯೂ 11,500 ಅಡಿ ಎತ್ತರದ ಜೋಜಿ ಲಾ ಕಣಿವೆಯನ್ನು ಹಾದು ಹೋಗಬೇಕು. ಚಳಿಗಾಲದಲ್ಲಿ ಅದು ಹಿಮದಡಿ ಹೂತುಹೋಗುತ್ತದೆ. ಅಂಥ ಫೆಬ್ರುವರಿಯಲ್ಲಿ ಮೇಜರ್ ಪೃಥಿ ಚಂದ್ ಅವರ ನೇತೃತ್ವದ ಸಣ್ಣ ತುಕಡಿಯೊಂದು ಶ್ರೀನಗರದಿಂದ ಕಾಲ್ನಡಿಗೆಯಲ್ಲಿ ಹೊರಟು, ಮಾರ್ಚ್ 8ರಂದು ಲೇಹ್ ತಲುಪಿತು. ಅವರೊಡನೆ ಬಂದವರಲ್ಲಿ ಲಡಾಖ್‌ನವರೇ ಆದ ಇಂಜಿನಿಯರ್ ಸೋನಂ ನೋರ್ಬು ಒಬ್ಬರು. ವಿಮಾನ ಇಳಿಯುವ ಜಾಗವೊಂದನ್ನು ಸಿದ್ಧಪಡಿಸುವುದು ಅವರಿಗೆ ವಹಿಸಿದ ಕೆಲಸ. ಅದಕ್ಕಾಗಿ ಕೊಟ್ಟ ಹಣ ಸುಮಾರು 13,000 ರೂಪಾಯಿ.

ಈ ಕೆಲಸದ ಕಷ್ಟ ಎಂಥದೆಂದು ಅರಿಯಲು ಸ್ವಲ್ಪ ವಿಜ್ಞಾನ ಬೇಕು. ಲೇಹ್‌ನ ಇಳಿದಾಣ ಸಮುದ್ರಮಟ್ಟದಿಂದ 10,000 ಅಡಿಗೂ ಮೇಲಿದೆ. ಅಲ್ಲಿಯ ಗಾಳಿ ನಮ್ಮ ಕಡಲತೀರದ ಗಾಳಿಗಿಂತ ಕಾಲುಭಾಗಕ್ಕೂ ಹೆಚ್ಚು ತೆಳು. ತೆಳುವಾದ ಗಾಳಿಯಲ್ಲಿ ಇಂಜಿನ್ನಿನ ಶಕ್ತಿ ಕುಗ್ಗುತ್ತದೆ. ರೆಕ್ಕೆಗಳು ಭಾರವನ್ನು ಎತ್ತಬೇಕಾದರೆ ವಿಮಾನ ಇನ್ನಷ್ಟು ವೇಗವಾಗಿ ಓಡಬೇಕು. ಆದುದರಿಂದ ಬಯಲುಸೀಮೆಯಲ್ಲಿ ಸಾಕಾಗುವ ಉದ್ದ ಅಲ್ಲಿ ಸಾಲದು. ನೆಲದ ತೊಂದರೆ ಬೇರೆ. ಹೆಪ್ಪುಗಟ್ಟಿದ ಮಣ್ಣು ಗುದ್ದಲಿಗೆ ಕಲ್ಲಿನಂತೆ ಎದುರಾಗುತ್ತದೆ. ಬಿಸಿಲಿಗೆ ಕರಗಿದರೆ ಅದೇ ಮಣ್ಣು ಕೆಸರಾಗಿ ಚಕ್ರವನ್ನು ಹಿಡಿದಿಡುತ್ತದೆ. ಹೀಗಾಗಿ ನೀರು ಸುಲಭವಾಗಿ ಇಂಗುವ ಮರಳು ಜಲ್ಲಿಯ ನೆಲವನ್ನು ಹುಡುಕುವುದೇ ಅರ್ಧ ಕೆಲಸ. ಉಳಿದರ್ಧ, ಬಂಡೆ ಕಿತ್ತು, ತಗ್ಗು ತುಂಬಿ, ದಮ್ಮಸು ಮಾಡುವುದು.

ಸಿಂಧೂ ನದಿಯ ದಂಡೆಯ ಬಯಲಿನಲ್ಲಿ ನೋರ್ಬು ಕೆಲಸ ಹಿಡಿದರು. ದೊಡ್ಡ ಯಂತ್ರಗಳು ಅಲ್ಲಿಗೆ ತಲುಪುವ ಮಾರ್ಗವೇ ಇರಲಿಲ್ಲ. ಸ್ಥಳೀಯ ಹಳ್ಳಿಗರ ದುಡಿಮೆಯೇ ಆಧಾರ. ಆ ಜನರ ಮಾತು, ಆ ನೆಲದ ಗುಣ, ಎರಡನ್ನೂ ಬಲ್ಲ ಊರಿನ ಮಗ ಎದುರಿಗಿದ್ದುದು ಎಷ್ಟು ಉಪಕಾರವಾಯಿತೆಂದು ಬೇರೆ ಹೇಳಬೇಕಿಲ್ಲ. ಏಪ್ರಿಲ್ ಮೊದಲ ವಾರದೊಳಗೆ ಸುಮಾರು 2,300 ಗಜ ಉದ್ದದ ಕಚ್ಚಾ ರನ್‌ವೇ ಸಿದ್ಧವಾಯಿತು. ಖರ್ಚು 11,000 ರೂಪಾಯಿಯನ್ನು ಮುಟ್ಟಲಿಲ್ಲ. ಉಳಿದ ಎರಡು ಸಾವಿರ ಚಿಲ್ಲರೆಯನ್ನು ನೋರ್ಬು ಸರಕಾರಕ್ಕೆ ಹಿಂದಿರುಗಿಸಿದರು.

ಆ ಅವಸರ ನಿಜವಾದದ್ದೆಂದು ಮುಂದಿನ ತಿಂಗಳೇ ತೋರಿಸಿತು. ಮೇ ತಿಂಗಳಲ್ಲಿ ಕಾರ್ಗಿಲ್ ಶತ್ರುಗಳ ವಶವಾಗಿ ಲೇಹ್‌ನ ದಾರಿ ಕಡಿದುಹೋಯಿತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವೊಂದನ್ನು ಹಿಮಶಿಖರಗಳ ಮೇಲಿಂದ ಹಾರಿಸಿಕೊಂಡು ಬಂದು ಆ ಮರಳಿನ ಮೇಲೆ ಇಳಿಸಿದರು. ಎತ್ತರದ ಹಾರಾಟಕ್ಕೆ ಬೇಕಾದ ಗಾಳಿಯೊತ್ತಡದ ಏರ್ಪಾಡು ಆ ವಿಮಾನಕ್ಕಿರಲಿಲ್ಲ. ಅವರ ಜತೆ ಕುಳಿತು ಬಂದವರು ಮೇಜರ್ ಜನರಲ್ ತಿಮ್ಮಯ್ಯ. ನಮ್ಮ ಕಾಸರಗೋಡಿನ ನೆರೆಯ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿ, ಮುಂದೆ ಭೂಸೇನೆಯ ಮುಖ್ಯಸ್ಥರಾದವರು. ಬಳಿಕ ಗೂರ್ಖಾ ಸೈನಿಕರೂ ಮದ್ದುಗುಂಡುಗಳೂ ಅದೇ ರನ್‌ವೇಯಲ್ಲಿ ಇಳಿದವು. ಲೇಹ್ ಉಳಿಯಿತು.

ವಿಮಾನ ಹಾರಿಸಿದವರ ಸಾಹಸವನ್ನು ಪುಸ್ತಕಗಳು ಸರಿಯಾಗಿಯೇ ಹೊಗಳುತ್ತವೆ. ಆದರೆ ಇಳಿಯಲು ನೆಲವೇ ಇಲ್ಲದಿದ್ದರೆ ಆ ಸಾಹಸಕ್ಕೆ ಎಡೆಯೆಲ್ಲಿ? ಲೇಹ್‌ನ ಜಿಲ್ಲಾ ಆಸ್ಪತ್ರೆ ಇಂದು ಸೋನಂ ನೋರ್ಬು ಅವರ ಹೆಸರನ್ನು ಹೊತ್ತಿದೆ. ಬುಟ್ಟಿ ಹೊತ್ತ ಹಳ್ಳಿಗರ ಹೆಸರು ಯಾವ ಫಲಕದ ಮೇಲೂ ಕಾಣಿಸುವುದಿಲ್ಲ.

ನಮ್ಮ ಪಾಲಿಗೆ ಇದರಲ್ಲಿ ಉಳಿಯುವ ಮಾತೊಂದಿದೆ. ಶಾಲೆಯ ಮಾಡು ಮಳೆಗೆ ಕುಸಿದು ತುರ್ತು ದುರಸ್ತಿ ನಡೆದಾಗ, ತಾತ್ಕಾಲಿಕ ಕೊಠಡಿ ಎದ್ದಾಗ, ಪಾಲಕರು ಲೆಕ್ಕ ಕೇಳಲು ಅಳುಕುತ್ತಾರೆ. 2005ರ ಮಾಹಿತಿ ಹಕ್ಕು ಕಾಯಿದೆ ಸಾರ್ವಜನಿಕ ಪ್ರಾಧಿಕಾರದ ಕಾಗದಪತ್ರಗಳ ಜತೆಗೆ ಕಾಮಗಾರಿಯನ್ನೂ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಕೇಳುವುದು ಅವಿಶ್ವಾಸದ ಗುರುತಾಗಬೇಕಿಲ್ಲ. ಯುದ್ಧ ತಲೆಯ ಮೇಲಿದ್ದಾಗ, ಹಿಮದ ನಡುವೆ ದುಡಿದು, ಉಳಿದ ಹಣವನ್ನು ಎಣಿಸಿ ಒಪ್ಪಿಸಿದವರು ಈ ದೇಶದಲ್ಲಿದ್ದರು. ‘ತುರ್ತಾಗಿತ್ತು, ಲೆಕ್ಕ ಇಡಲಾಗಲಿಲ್ಲ’ ಎಂದು ಯಾರಾದರೂ ಹೇಳಿದರೆ ಅವರಿಗೆ ಲೇಹ್‌ನ ಈ ಕಥೆಯನ್ನು ನೆನಪಿಸಿರಿ.