ಒಂದು ರಿಯಾಲಿನ ಗೆಲುವು

ಉಮ್ರಾಕ್ಕೆ ಹೊರಡುವವರಿಗೆ ನಮ್ಮಲ್ಲಿ ಎರಡು ಪಾಠಗಳಾಗುತ್ತವೆ. ಇಹ್ರಾಮ್ ತೊಡುವುದು, ತವಾಫ್ ಮಾಡುವುದು ಹೇಗೆಂಬುದು ಮೊದಲನೆಯದು. ಎರಡನೆಯದನ್ನು ಈಗಾಗಲೇ ಹೋಗಿ ಬಂದವರು ಕಲಿಸುತ್ತಾರೆ: "ಅವನು 20 ರಿಯಾಲ್ ಎಂದರೆ ನೀವು 10 ಎನ್ನಿ. ಒಪ್ಪದಿದ್ದರೆ ಹೊರಟುಬಿಡಿ, ಅವನೇ ಹಿಂದಿನಿಂದ ಕರೆಯುತ್ತಾನೆ." ಮೊದಲ ಪಾಠದಲ್ಲಿ ತಡವರಿಸುವ ನಾವು ಎರಡನೆಯದರಲ್ಲಿ ಬಹುಬೇಗ ನಿಪುಣರಾಗುತ್ತೇವೆ.

ಚೌಕಾಸಿಯೇ ತಪ್ಪೆಂದು ನಾವು ಹೇಳುತ್ತಿಲ್ಲ. ಪ್ರವಾಸಿಯ ಮುಖ ನೋಡಿ ಬೆಲೆ ಹೇಳುವ ವ್ಯಾಪಾರಿಗಳು ಎಲ್ಲೆಡೆಯೂ ಇದ್ದಾರೆ. ಪರಸ್ಪರ ಮಾತನಾಡಿ ಬೆಲೆ ನಿಗದಿಪಡಿಸುವುದಕ್ಕೆ ಇಸ್ಲಾಮೀ ಕರ್ಮಶಾಸ್ತ್ರದಲ್ಲಿ 'ಮುಸಾವಮಾ' ಎಂಬ ಹೆಸರೂ ಇದೆ, ಸಮ್ಮತಿಯೂ ಇದೆ. ನಮ್ಮ ಪ್ರಶ್ನೆ ಬೇರೆ. ನಾವು ಚೌಕಾಸಿ ಮಾಡುವುದು ಯಾರೊಡನೆ?

ಮಕ್ಕಾದ ಹರಮ್‌ನ ಎದುರಿಗೇ 601 ಮೀಟರ್ ಎತ್ತರದ ಗಡಿಯಾರ ಗೋಪುರ ನಿಂತಿದೆ. ಅದರ ಬುಡದಲ್ಲಿ ಹವಾನಿಯಂತ್ರಿತ ಮಾಲ್. ಅಲ್ಲಿ ಬೆಲೆಚೀಟಿ ಅಂಟಿಸಿದ ಸುಗಂಧದ ಬಾಟಲಿಗೆ ನಾವು ತುಟಿಪಿಟಿಕ್ಕೆನ್ನದೆ ಹಣ ಕೊಡುತ್ತೇವೆ. ಬೀದಿಗೆ ಬಂದೊಡನೆ ನಮ್ಮ ಜಾಣತನ ಎಚ್ಚರಗೊಳ್ಳುತ್ತದೆ. ನಮಾಝ್ ಮುಗಿಸಿ ಜನ ಹೊರಬರುವ ಹೊತ್ತಿಗೆ ಆಫ್ರಿಕಾ ಮೂಲದ ಹೆಂಗಸರು ನೆಲದ ಮೇಲೆ ಬಟ್ಟೆ ಹಾಸಿ ತಸ್ಬೀಹ್, ಟೋಪಿ, ಮುಸಲ್ಲಾಗಳನ್ನು ಹರಡಿ ಕೂತಿರುತ್ತಾರೆ. ನಗರಾಡಳಿತದವರು ಬಂದರೆಂದರೆ ಗಂಟು ಕಟ್ಟಿ ಓಡಬೇಕಾದವರು ಅವರು. ಪ್ರಯಾಣಕ್ಕೆ ಲಕ್ಷದ ಲೆಕ್ಕದಲ್ಲಿ ಸುರಿದ ನಾವು ಅವರ ಮುಂದೆ ಒಂದು ರಿಯಾಲಿಗಾಗಿ, ಅಂದರೆ 20 ಚಿಲ್ಲರೆ ರೂಪಾಯಿಗಾಗಿ, ವಾದಕ್ಕೆ ನಿಲ್ಲುತ್ತೇವೆ!

ಅಂಗಡಿಗಳ ಕತೆಯೂ ಬೇರೆಯಲ್ಲ. ಅಲ್ಲಿ ನಮಗೆ ಎದುರಾಗುವವನು ಹೆಚ್ಚಾಗಿ ಮಾಲೀಕನಲ್ಲ. ದೂರದೂರಿನಿಂದ ಬಂದು ಸಂಬಳಕ್ಕೆ ದುಡಿಯುವ ಬಡಪಾಯಿ. ನಮ್ಮ ಕರಾವಳಿಯ ಎಷ್ಟು ಮನೆಗಳು ಗಲ್ಫಿನ ಅಂಗಡಿಗಳಲ್ಲಿ ಹೀಗೆಯೇ ನಿಂತು ದುಡಿದವರ ಬೆವರಿನಿಂದ ಎದ್ದಿವೆಯೆಂಬುದನ್ನು ನಾವೇ ಮರೆತರೆ ಹೇಗೆ?

ಪ್ರವಾದಿ(ಸ)ಯವರೂ ಚೌಕಾಸಿ ಮಾಡಿದ್ದರು. ಯಾತ್ರೆಯೊಂದರಿಂದ ಮರಳುವಾಗ ಜಾಬಿರ್(ರ)ರ ಒಂಟೆ ದಣಿದು ಹಿಂದೆ ಬಿದ್ದಿತ್ತು. ಅದನ್ನು ತನಗೆ ಮಾರುವಂತೆ ಪ್ರವಾದಿ(ಸ) ಕೇಳಿದರು, ಬೆಲೆಯ ಮಾತಾಯಿತು. ಮದೀನಾ ತಲುಪಿದ ಮೇಲೆ ಬಿಲಾಲ್(ರ)ರಿಂದ ಹಣ ತೂಗಿಸಿ, ತುಸು ಹೆಚ್ಚೇ ಕೊಡಿಸಿದರು. ಬಳಿಕ ಆ ಒಂಟೆಯನ್ನೂ ಜಾಬಿರ್‌ರಿಗೇ ಮರಳಿಸಿದರು. ಮಾರುವಾಗಲೂ ಕೊಳ್ಳುವಾಗಲೂ ಉದಾರವಾಗಿ ನಡೆದುಕೊಳ್ಳುವವನಿಗೆ ಅಲ್ಲಾಹನ ಕರುಣೆಯನ್ನು ಬೇಡಿದವರು ಅವರು. ಅವರ ಊರಿಗೆ ಹೋಗಿ ಬಂದೆವೆಂದು ಹೆಮ್ಮೆಪಡುವ ನಾವು ಅಲ್ಲಿಂದ ತಂದದ್ದೇನು?

ಕೆಲವರು ಕೇಳಬಹುದು: ಹಾಗಾದರೆ ಮೋಸ ಹೋಗಬೇಕೇ? ಖಂಡಿತ ಬೇಡ. ಬೆಲೆ ಹೆಚ್ಚೆನಿಸಿದರೆ ಒಮ್ಮೆ ಕೇಳೋಣ. ಹೊಂದದಿದ್ದರೆ ಸಲಾಮ್ ಹೇಳಿ ಮುಂದೆ ಹೋಗೋಣ. ಆದರೆ ಮಾತು ಮುಗಿದ ಮೇಲೆ ಮತ್ತೆ ಎಳೆದಾಡುವುದು, ಸುಳ್ಳು ಬೆಲೆ ಹೇಳಿ "ಪಕ್ಕದವನು ಅರ್ಧಕ್ಕೇ ಕೊಡುತ್ತಾನೆ" ಎನ್ನುವುದು, ಬಡವನ ಅವಸರವನ್ನು ನಮ್ಮ ಲಾಭವಾಗಿಸಿಕೊಳ್ಳುವುದು ಜಾಣತನವಲ್ಲ. ಇಹ್ರಾಮ್ ಕಳಚಿದೊಡನೆ ಇವೆಲ್ಲ ಸಲ್ಲುತ್ತವೆಂದು ಯಾವ ಧರ್ಮವೂ ಕಲಿಸಿಲ್ಲ.

ಊರಿಗೆ ಮರಳಿದ ಮೇಲೆ ನೆಂಟರ ಕೈಗೆ ತಸ್ಬೀಹ್ ಕೊಡುತ್ತಾ "ಇದನ್ನು ಎಷ್ಟಕ್ಕೆ ಇಳಿಸಿದೆ ಗೊತ್ತೇ?" ಎನ್ನುವ ಮುನ್ನ ಒಂದು ಕ್ಷಣ ಯೋಚಿಸೋಣ. ನಾವು ಉಳಿಸಿದ ಆ ಒಂದು ರಿಯಾಲ್ ಯಾರ ಮನೆಯ ಒಲೆಯಿಂದ ಬಂತು?